ಇಸ್ತ್ರಿ ಯಾರ ಕಡೆ

ಒಂಬತ್ತನೆಯ ಮೆಟ್ಟಿಲಿಗೆ ಬರುತ್ತಿದ್ದಂತೆ ಟೈಲರ್ ನಿಂತುಬಿಟ್ಟ. ಪೆಟ್ಟಿಗೆಯ ಮುಂತುದಿ ಅವನ ಹೆಗಲ ಮೇಲಿತ್ತು. ಅವನು ನಿಂತದ್ದೇ ತಡ, ಹಿಂದಿದ್ದವರು ಒಬ್ಬರ ಬೆನ್ನಿಗೊಬ್ಬರು ಬಡಿದು ಪೆಟ್ಟಿಗೆ ಎಡಕ್ಕೆ ವಾಲಿತು.

“ತಡೀರಪ್ಪ, ಕಲ್ಲು ಅಲ್ಲಾಡ್ತಾ ಇದೆ,” ಎಂದ.

ಎಡಕ್ಕೆ ಎರಡಾಳು ಆಳದ ಇಳಿಜಾರು. ಹಿಡಿಯೋಣವೆಂದರೆ ಏನೂ ಇಲ್ಲ. ಹಿಂದೊಮ್ಮೆ ಇಲ್ಲಿ ಕಂಬಿ ಇತ್ತು ಎಂಬುದಕ್ಕೆ ತುಕ್ಕು ಹಿಡಿದ ಮೋಟುಗಳು ಅಲ್ಲೊಂದು ಇಲ್ಲೊಂದು ಉಳಿದಿದ್ದವು. ಮೇಲಿನ ಬೀದಿಗೆ ಗಾಡಿ ಬರುವುದಿಲ್ಲ. ಯಾರು ಹೆರಲಿ, ಯಾರು ಸಾಯಲಿ, ಈ ನಲವತ್ತಮೂರು ಮೆಟ್ಟಿಲು ಇಳಿದೇ ಹೋಗಬೇಕು. ಕೆಳಗಿನ ರಸ್ತೆಯಲ್ಲಿ ಶವದ ವ್ಯಾನು ಹಿಂಬಾಗಿಲು ತೆರೆದುಕೊಂಡು ಕಾಯುತ್ತಿತ್ತು.

ಸತ್ತವನ ಮಗಳು ಪಕ್ಕದಿಂದ ಪೆಟ್ಟಿಗೆಗೆ ಕೈ ಕೊಟ್ಟಳು. ಅವಳ ಕೈಗಿಂತ ಮುಂಚೆ ಪ್ಲಂಬರನ ಮೊಣಕೈ ಅಲ್ಲಿಗೆ ತಲುಪಿತ್ತು. ಪ್ಲಂಬರ್ ಅಧ್ಯಕ್ಷರ ಕಡೆಯವನು. ಅವನ ಹಿಂದಿದ್ದ ಪೋಸ್ಟ್‌ಮ್ಯಾನ್ ಲಾಯರ್ ಮೇಡಂ ಕಡೆಯವನು, ಮಗಳೂ ಅದೇ ಕಡೆ. ಹೊತ್ತ ಆರು ಜನರಲ್ಲಿ ಮೂವರು ಆ ಕಡೆ, ಮೂವರು ಈ ಕಡೆ. ಯಾರು ಹೆಗಲು ಕೊಡಬೇಕು ಎಂಬುದಕ್ಕೇ ಬೆಳಿಗ್ಗೆ ಅಂಗಳದಲ್ಲಿ ಕಾಲು ಗಂಟೆ ತಗ್ಗಿದ ದನಿಯ ಜಗಳವಾಗಿತ್ತು.

ಭಾನುವಾರ ಪಕ್ಷದ ನಾಯಕತ್ವಕ್ಕೆ ಮತದಾನ. ಇಪ್ಪತ್ತೆರಡು ವರ್ಷದಿಂದ ಕುರ್ಚಿ ಬಿಡದ ಅಧ್ಯಕ್ಷರು ಒಂದು ಕಡೆ. ಕೆಲಸ ಕಳೆದುಕೊಂಡವರ ಮೊಕದ್ದಮೆ ನಡೆಸಿ ಹೆಸರಾದ ಲಾಯರ್ ಮೇಡಂ ಇನ್ನೊಂದು ಕಡೆ. ಪ್ರತಿ ಶಾಖೆಗೂ ಒಂದೊಂದು ಮತ. ಶಾಖೆಯೊಳಗೆ ಬಹುಮತ ಯಾರಿಗೋ ಆ ಮತ ಅವರಿಗೆ. ಈ ಬೀದಿಯ ಶಾಖೆಯಲ್ಲಿ ಹನ್ನೊಂದು ಮಂದಿ ಸದಸ್ಯರು. ಐವರು ಅತ್ತ, ಐವರು ಇತ್ತ. ಹನ್ನೊಂದನೆಯವನು ಪೆಟ್ಟಿಗೆಯೊಳಗಿದ್ದ.

“ಮೆಟ್ಟಿಲಿಗೆ ಒಂದು ಕಂಬಿ ಇಲ್ಲ, ಪಕ್ಷಕ್ಕೆ ಎರಡೆರಡು ನಾಯಕರು,” ಎಂದಳು ಮೇಲೆ ನಿಂತಿದ್ದ ಆಸ್ಪತ್ರೆಯ ಆಯಾ. ಅವಳ ಎಡಗೈ ಪ್ಲಾಸ್ಟರಿನಲ್ಲಿತ್ತು. ಟೈಲರ್ ಬಲಗಾಲಿನಿಂದ ಮುಂದಿನ ಕಲ್ಲನ್ನು ತಡವಿ ನೋಡಿ, ಗಟ್ಟಿಯಿದೆ ಎಂದು ಖಾತ್ರಿಯಾದ ಮೇಲೆ ಭಾರ ಹಾಕಿದ. ಉಳಿದವರು ಅವನ ಹೆಜ್ಜೆಗೆ ಹೆಜ್ಜೆ ಸೇರಿಸಿದರು.

*

ಪೆಟ್ಟಿಗೆಯೊಳಗಿದ್ದವನನ್ನು ಎಲ್ಲರೂ ಇಸ್ತ್ರಿ ಎಂದೇ ಕರೆಯುತ್ತಿದ್ದರು. ಸರ್ಕಾರಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ದುಡಿದವನು. ಬಿಸಿ ಉರುಳೆಗಳ ನಡುವೆ ಒದ್ದೆ ಹಾಸುಬಟ್ಟೆ ತೂರಿಸುವುದು ಅವನ ಕೆಲಸ. ಮೊದಲ ವರ್ಷವೇ ಮುಂಗೈ ಕೂದಲು ಸುಟ್ಟುಹೋಯಿತು, ಮತ್ತೆ ಬರಲಿಲ್ಲ. ಎಷ್ಟು ತೊಳೆದರೂ ಹೆರಿಗೆ ವಾರ್ಡಿನ ಬಟ್ಟೆಯೇ ಬೇರೆ, ಮೂಳೆ ವಾರ್ಡಿನ ಬಟ್ಟೆಯೇ ಬೇರೆ, ಕಣ್ಣು ಮುಚ್ಚಿಕೊಂಡು ಮುಟ್ಟಿ ಹೇಳುತ್ತೇನೆ ಎನ್ನುತ್ತಿದ್ದ. ಲಾಂಡ್ರಿಗೆ ಗಾಳಿ ಎಳೆಯುವ ಫ್ಯಾನು ಬೇಕೆಂದು ಹದಿನೇಳು ದಿನ ಮುಷ್ಕರ ಮಾಡಿದಾಗ ಪಕ್ಷಕ್ಕೆ ಸೇರಿದ. ಆ ಮುಷ್ಕರದಲ್ಲಿ ಅವನು ಭಾಷಣ ಮಾಡಲಿಲ್ಲ. ಗೇಟಿನ ಬಳಿ ಕೂತವರಿಗೆ ಬಕೆಟ್ಟಿನಲ್ಲಿ ಕುಡಿಯುವ ನೀರು ಹೊತ್ತ.

ಪಕ್ಷ ಎಂದರೆ ಅವನಿಗೆ ಬೀದಿಯಿಂದಲೇ ಶುರು. ಉರಿಯದ ದೀಪ, ಮುಚ್ಚಳವಿಲ್ಲದ ಚರಂಡಿ, ಮಧ್ಯಾಹ್ನವೇ ಬಾಗಿಲು ಹಾಕುವ ಕ್ಲಿನಿಕ್ಕು. ಅರ್ಜಿ ಬರೆಸಿಕೊಂಡು ಮನೆಮನೆಗೆ ಹೋಗಿ ಸಹಿ ಹಾಕಿಸುತ್ತಿದ್ದ. ಅವನು ಬಾಗಿಲಿಗೆ ಬಂದರೆ ಹೆಂಗಸರು ಪೆನ್ನು ಹಿಡಿದುಕೊಂಡೇ ಈಚೆ ಬರುತ್ತಿದ್ದರು. ಮಗಳು ಹಾಗಲ್ಲ. ಓದಿದವಳು, ಸಾರಿಗೆ ಇಲಾಖೆಯಲ್ಲಿ ಗುಮಾಸ್ತೆ, ನಿಂತ ನಿಲುವಿನಲ್ಲಿ ಅರ್ಧ ಗಂಟೆ ಮಾತಾಡಬಲ್ಲವಳು. ಮೂವತ್ತಮೂರಕ್ಕೇ ಶಾಖೆಯ ಕಾರ್ಯದರ್ಶಿಯಾದಳು. ಆ ದಿನ ಇಸ್ತ್ರಿ ತನ್ನ ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿದನೆಂದು ಟೈಲರ್ ಊರೆಲ್ಲ ಹೇಳಿಕೊಂಡು ಬಂದಿದ್ದ.

ಮೂರು ವಾರದ ಹಿಂದಿನ ಸಭೆ ನಡೆದದ್ದು ಟೈರ್ ಅಂಗಡಿಯ ಮಹಡಿಯಲ್ಲಿ. ವಿಷಯ ಒಂದೇ, ನಾಯಕತ್ವ. ಎರಡು ಗಂಟೆಯಾದರೂ ಮುಗಿದಿರಲಿಲ್ಲ. ಅಧ್ಯಕ್ಷರು ಪಕ್ಷವನ್ನು ಮನೆಯ ಅಟ್ಟ ಮಾಡಿದ್ದಾರೆ ಎಂದು ಪೋಸ್ಟ್‌ಮ್ಯಾನ್, ನಿನ್ನೆ ಬಂದವರಿಗೆ ಪಾಯ ಗೊತ್ತಿಲ್ಲ ಎಂದು ಪ್ಲಂಬರ್, ಕುರ್ಚಿಗಳು ಕಿರಿಗುಟ್ಟುತ್ತಿದ್ದವು. ಆ ಗದ್ದಲದ ನಡುವೆ ಇಸ್ತ್ರಿ ಎದ್ದು ನಿಂತ. ಅವನು ಸಭೆಯಲ್ಲಿ ಎದ್ದು ನಿಂತದ್ದನ್ನು ಕಂಡವರೇ ಕಡಿಮೆ. ಹಾಗಾಗಿ ಎಲ್ಲರೂ ಸುಮ್ಮನಾದರು. ಇವನು ಯಾರ ಕಡೆ ಎನ್ನುವುದು ಈಗಲಾದರೂ ಗೊತ್ತಾಗುತ್ತದೆ ಎಂದು ಎರಡೂ ಕಡೆಯವರು ಕಿವಿಯಾದರು.

“ಮೆಟ್ಟಿಲ ಕಂಬಿ ವಿಷ್ಯ ಒಂದಿತ್ತು,” ಎಂದ. “ಮೊನ್ನೆ ಆಯಾ ಬಿದ್ದು ಮಣಿಕಟ್ಟು ಮುರ್ಕೊಂಡ್ಳು. ಇನ್ನೂರ ಹದಿನಾರು ಸಹಿ ಆಗಿದೆ. ಶಾಖೆಯಿಂದ ಒಂದು ಪತ್ರ ಕೊಟ್ರೆ...”

“ಕಾಮ್ರೇಡ್, ಅದು ಇವತ್ತಿನ ಕಾರ್ಯಸೂಚಿಯಲ್ಲಿಲ್ಲ,” ಎಂದಳು ಮಗಳು.

“ಎರಡೇ ನಿಮಿಷ.”

“ನಾಯಕತ್ವದ ಬಗ್ಗೆ ಹೇಳೋದಿದ್ರೆ ಹೇಳಿ. ಇಲ್ಲಾಂದ್ರೆ ಕೂತ್ಕೊಳ್ಳಿ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಇಸ್ತ್ರಿ ಕೂತ. ಕೈಯಲ್ಲಿದ್ದ ಹಾಳೆಗಳನ್ನು ನಾಲ್ಕಾಗಿ ಮಡಿಸಿ, ಒಂದೊಂದು ಮಡಿಕೆಯನ್ನೂ ಉಗುರಿನಿಂದ ತೀಡಿದ. ಅವಳು ಅದನ್ನು ನೋಡಿದಳು. ಅಪ್ಪನೆಂದು ಬಿಟ್ಟುಕೊಟ್ಟರೆ ನಾಳೆ ಎಲ್ಲರೂ ಆಡಿಕೊಳ್ಳುತ್ತಾರೆ ಎಂದು ಮುಂದಿನವರ ಹೆಸರು ಕೂಗಿದಳು. ಆಮೇಲಿನ ಮೂರು ವಾರ ತಂದೆ ಮಗಳು ಮಾತು ಬಿಟ್ಟಿದ್ದರೆಂದೇನಲ್ಲ. ಬೀಗದ ಕೈ ಎಲ್ಲಿದೆ, ಮಾತ್ರೆ ತಗೊಂಡ್ರಾ, ಇಷ್ಟೇ. ಕಂಬಿಯ ವಿಷಯ ಮುಂದಿನ ಸಭೆಗೆ ಹಾಕೋಣ ಎಂದು ಅವಳು ಅಂದುಕೊಂಡಿದ್ದಳು, ಅವನಿಗೆ ಹೇಳಿರಲಿಲ್ಲ. ನಿನ್ನೆ ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದವನು ಬಚ್ಚಲಲ್ಲೇ ಕುಸಿದ.

*

ಚಿತಾಗಾರದ ಹಾಲಿನಲ್ಲಿ ಕುರ್ಚಿಗಳು ಎರಡು ಸಾಲು. ಯಾರೂ ಹೇಳದೆಯೇ ಒಂದು ಕಡೆಯವರು ಎಡಕ್ಕೆ, ಇನ್ನೊಂದು ಕಡೆಯವರು ಬಲಕ್ಕೆ ಕೂತರು. ಬೀದಿಯ ಹೆಂಗಸರಿಗೆ ಇದೊಂದೂ ತಿಳಿಯದೆ ಖಾಲಿ ಕಂಡಲ್ಲಿ ಕೂತರು. ಒಲೆ ಸಿದ್ಧವಾಗಲು ಇನ್ನೂ ಇಪ್ಪತ್ತು ನಿಮಿಷವಿದೆ ಎಂದು ಅಲ್ಲಿನ ನೌಕರ ಬಂದು ಹೇಳಿದ.

ಅಷ್ಟರಲ್ಲಿ ಜಿಲ್ಲಾ ಕಾರ್ಯದರ್ಶಿಗಳು ಪೆಟ್ಟಿಗೆಯ ಪಕ್ಕಕ್ಕೆ ಹೋಗಿ ನಿಂತರು. ಅವರು ಅಧ್ಯಕ್ಷರ ಬಲಗೈ. ಇಸ್ತ್ರಿಯನ್ನು ಎರಡು ಸಲವೋ ಮೂರು ಸಲವೋ ಕಂಡಿದ್ದರು. ಶಿಸ್ತಿನ ಸಿಪಾಯಿ, ಪಕ್ಷದ ಬೇರು ಎಂದೆಲ್ಲ ಹೇಳಿ, ಕೊನೆಗೆ, ಅಧ್ಯಕ್ಷರ ಕೈ ಬಲಪಡಿಸಬೇಕು ಎನ್ನುವುದೇ ಈ ಹಿರಿಯ ಜೀವದ ಕೊನೆಯ ಆಸೆಯಾಗಿತ್ತು ಎಂದರು.

ಮಗಳ ಬೆನ್ನ ಹಿಂದೆ ಪೋಸ್ಟ್‌ಮ್ಯಾನ್ ಬಾಗಿದ. “ಈಗ ನೀವು ಮಾತಾಡ್ಲೇಬೇಕು. ನೋಡ್ತಾ ನೋಡ್ತಾ ಅವರನ್ನ ಹೊತ್ಕೊಂಡು ಹೋಗ್ತಿದ್ದಾರೆ.”

ಅವಳು ಎದ್ದಳು. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಆದರೆ ಜನರ ಮುಂದೆ ನಿಂತೊಡನೆ ದನಿ ತಾನಾಗಿ ಬಂತು.

“ಅಪ್ಪ ನನ್ನ ಹತ್ತಿರ ಹೇಳಿದ್ದರು, ಬದಲಾವಣೆ ಬೇಕು ಅಂತ. ಹೋದ ವಾರ ಹೇಳಿದ್ದರು. ಲಾಯರ್ ಮೇಡಂಗೇ ನನ್ನ ಮತ ಅಂತ.”

ಹೋದ ವಾರ ಎನ್ನುವುದು ಎಲ್ಲಿಂದ ಬಂತೋ ಅವಳಿಗೇ ತಿಳಿಯದು. ಬಲಗಡೆಯ ಸಾಲಿನಲ್ಲಿ ತಲೆಗಳು ಆಡಿದವು. ಎಡಗಡೆ ಪ್ಲಂಬರ್ ಕೈಕಟ್ಟಿ ಕೂತಿದ್ದವನು ಕೈ ಬಿಟ್ಟು ಮೊಣಕಾಲ ಮೇಲಿಟ್ಟುಕೊಂಡ. ಟೈಲರ್ ಮಾತ್ರ ತನ್ನ ಬೂಟಿನ ತುದಿ ನೋಡುತ್ತಿದ್ದ. ನೌಕರ ಬಂದು ಕೈಸನ್ನೆ ಮಾಡಿದ. ಪೆಟ್ಟಿಗೆ ಹಳಿಯ ಮೇಲೆ ಜಾರಿ ಒಳಗೆ ಹೋಯಿತು, ಕಬ್ಬಿಣದ ಬಾಗಿಲು ಇಳಿಯಿತು.

ಹೊರಗೆ ಬೆಂಚಿನ ಮೇಲೆ ಅಮ್ಮ ಒಬ್ಬಳೇ ಕೂತಿದ್ದಳು. ಮಗಳು ಪಕ್ಕದಲ್ಲಿ ಕೂತಾಗ ಸರಿದು ಜಾಗ ಕೊಟ್ಟಳು.

“ಯಾವತ್ತು ಹೇಳಿದ್ರು?” ಎಂದು ಕೇಳಿದಳು.

ಮಗಳು ಚಪ್ಪಲಿಯ ಮಣ್ಣನ್ನು ಬೆಂಚಿನ ಕಾಲಿಗೆ ಒರೆಸಿದಳು.

“ನಂಗೇನೂ ಹೇಳ್ಲಿಲ್ವಲ್ಲ, ಅದಕ್ಕೆ ಕೇಳ್ದೆ.” ಅಮ್ಮನೇ ಮುಂದುವರಿಸಿದಳು. “ಆವತ್ತು ಸಭೆ ಮುಗಿಸ್ಕೊಂಡು ಬಂದು ನಗ್ತಾ ಇದ್ರು. ನಮ್ಮ ಹುಡುಗಿ ಸಭೆ ನಡ್ಸೋದು ನೀನು ನೋಡ್ಬೇಕಿತ್ತು ಕಣೇ, ನನ್ನನ್ನೇ ಕೂರ್ಸಿಬಿಟ್ಳು ಅಂದ್ರು. ಒಂದಲ್ಲ, ಮೂರು ಸಲ ಅದನ್ನೇ ಹೇಳಿದ್ರು.”

“ಬೇಜಾರು ಮಾಡ್ಕೊಂಡಿರ್ಲಿಲ್ವಾ?”

“ನಗ್ತಾ ಇದ್ರು ಅಂದ್ನಲ್ಲ.” ಅಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಊಟ ಬೇಡ ಅಂದ್ರು.”

*

ಶವ ಸುಟ್ಟದ್ದಕ್ಕೆ ಚಿತಾಗಾರದವರು ಕೊಟ್ಟ ಚೀಟಿಯನ್ನು ನಾಲ್ಕು ಗಂಟೆಯೊಳಗೆ ವಾರ್ಡ್ ಕಚೇರಿಗೆ ಮುಟ್ಟಿಸಬೇಕಿತ್ತು, ಜೊತೆಗೆ ಮನೆಯವರಲ್ಲದ ಒಬ್ಬ ಸಾಕ್ಷಿ. ಲಾಯರ್ ಮೇಡಂ ಕಡೆಯವರು ಕಾರು ತಂದು ನಿಲ್ಲಿಸಿದ್ದರು. ಆರು ಗಂಟೆಗೆ ಸೇರಬೇಕು, ಹಾದಿಯಲ್ಲೇ ಮಾತಾಡೋಣ ಎಂದರು. ಅವಳು ಆಮೇಲೆ ಬರುತ್ತೇನೆಂದು ಹೇಳಿ, ಅಮ್ಮನನ್ನು ಆಯಾಳ ಜೊತೆ ಮನೆಗೆ ಕಳಿಸಿ, ಟೈಲರನ ಜೊತೆ ಬಸ್ ಹತ್ತಿದಳು.

ಟೈಲರ್ ಕಿಟಕಿಯ ಕಡೆ ಕೂತ. ಚಿಕ್ಕಂದಿನಲ್ಲಿ ಅವಳ ಶಾಲೆಯ ಲಂಗ ಹೊಲಿದುಕೊಟ್ಟವನು, ಈಗ ಭಾನುವಾರ ಅವಳಿಗೆ ಎದುರಾಗಿ ಕೈ ಎತ್ತುವವನು.

“ಮಾಮ, ಅಪ್ಪ ನಿಜವಾಗ್ಲೂ ಯಾರ ಕಡೆ ಇದ್ರು?”

“ನೀನೇ ಹೇಳಿದ್ಯಲ್ಲ ಎಲ್ರ ಮುಂದೆ.”

ಅವಳು ತಲೆ ತಗ್ಗಿಸಿದಳು. ಟೈಲರನಿಗೆ ಅಷ್ಟು ಸಾಕಾಯಿತು.

“ನಂಗೂ ಗೊತ್ತಿಲ್ಲ ಮಗಳೇ. ದಿನಾ ಅಂಗಡೀಲಿ ಬಂದು ಕೂರ್ತಿದ್ದ. ದಿನಾ ಕೇಳ್ತಿದ್ದೆ. ಅಧ್ಯಕ್ಷರು ನಮ್ಮ ಫ್ಯಾನಿನ ಮುಷ್ಕರಕ್ಕೆ ಬಂದಿದ್ರು ಅಂತಿದ್ದ. ಲಾಯರಮ್ಮ ಬಡವರ ಕಾಗದ ಓದಿ ನೋಡ್ತಾಳೆ ಅಂತಾನೂ ಅಂತಿದ್ದ. ಆಮೇಲೆ ನನ್ನ ಕತ್ತರಿ ಮೊಂಡಾಗಿದೆ ಅಂತ ಬೈದು ಎದ್ದು ಹೋಗ್ತಿದ್ದ.” ಟೈಲರ್ ನಕ್ಕ, ನಗು ಅರ್ಧದಲ್ಲೇ ಕೆಮ್ಮಾಯಿತು. “ನೀನು ಹೇಳಿದ್ದು ನಿಜಾನೇ ಇರ್ಬಹುದು. ಅದೇ ಕಷ್ಟ. ಸುಳ್ಳು ಅನ್ನೋಕೂ ಆಗಲ್ಲ.”

ವಾರ್ಡ್ ಕಚೇರಿಯ ಕಿಟಕಿಯಲ್ಲಿ ಕನ್ನಡಕದ ಗುಮಾಸ್ತ ಚೀಟಿ ತೆಗೆದುಕೊಂಡು ಹೆಸರು, ವಯಸ್ಸು, ಕೆಲಸ ಬರೆದ. ವಿಳಾಸಕ್ಕೆ ಬಂದಾಗ ಪೆನ್ನು ನಿಲ್ಲಿಸಿ ತಲೆ ಎತ್ತಿದ.

“ಮೆಟ್ಟಿಲ ಕಂಬಿಯವರಾ?”

ಟೈಲರ್ ಹೌದೆಂದ.

“ಛೆ,” ಎಂದ ಗುಮಾಸ್ತ. ಉಳಿದದ್ದನ್ನು ನಿಧಾನವಾಗಿ, ಅಕ್ಷರ ದುಂಡಗೆ ಮಾಡಿ ಬರೆದ. ಮೊಹರು ಹಾಕಿ ಕಾಗದವನ್ನು ಈಚೆ ತಳ್ಳುತ್ತ, ಫೈಲು ಎಂಜಿನಿಯರ್ ಮೇಜಿಗೆ ಬಂದು ಎರಡು ವಾರವಾಯಿತು, ಯಾರಾದರೂ ನಿಂತು ಕೇಳಿದರೆ ಸಹಿ ಆಗುತ್ತದೆ, ಕೇಳದಿದ್ದರೆ ಕೆಳಕ್ಕೆ ಹೋಗುತ್ತದೆ, ನಿಮ್ಮ ತಂದೆ ಬಂದು ಬಂದು ಮೇಲಕ್ಕೆ ತರಿಸುತ್ತಿದ್ದರು ಎಂದ. ಎಂಜಿನಿಯರ್ ಸಾಹೇಬರು ಊಟಕ್ಕೆ ಹೋಗಿದ್ದಾರೆ. ಬರುವುದು ಎಷ್ಟು ಹೊತ್ತಿಗೆಂದು ಹೇಳಲಾಗದು.

ಅವಳ ಚೀಲದಲ್ಲಿ ಫೋನು ನಡುಗುತ್ತಿತ್ತು. ತೆಗೆದಳು. ಪೋಸ್ಟ್‌ಮ್ಯಾನ್. ಪ್ಲಂಬರ್ ಒಪ್ಪಿದ್ದಾನೆ ಎಂದ. ಇಸ್ತ್ರಿಯಣ್ಣನೇ ಆ ಕಡೆ ಅಂದಮೇಲೆ ನಂದೇನು ಅಂದನಂತೆ. ಆರು, ನಾಲ್ಕು. ಶಾಖೆ ನಮ್ಮದು. ಅವನ ದನಿಯಲ್ಲಿ ಸಂತೋಷ ತಡೆಯಲಾರದೆ ಏದುಸಿರಿತ್ತು.

“ನಾನು ಹೇಳಿದ್ದು ಸುಳ್ಳು,” ಎಂದಳು ಅವಳು. “ಅಪ್ಪ ನಂಗೆ ಏನೂ ಹೇಳಿರ್ಲಿಲ್ಲ. ನಾನು ಕೇಳೂ ಇರ್ಲಿಲ್ಲ. ಪ್ಲಂಬರ್‌ಗೆ ಹಾಗಂತ ಹೇಳಿಬಿಡಿ.”

ನೀವು ಸುಸ್ತಾಗಿದ್ದೀರಿ, ಮಲಗಿ, ಭಾನುವಾರದ ತನಕ ಇದನ್ನ ಯಾರ ಹತ್ತಿರವೂ ಎತ್ತಬೇಡಿ ಎಂದ ಪೋಸ್ಟ್‌ಮ್ಯಾನ್, ಮೆಲ್ಲಗೆ, ಮಗುವಿಗೆ ಹೇಳುವಂತೆ.

“ನೀವು ಹೇಳ್ದಿದ್ರೆ ನಾನೇ ಹೇಳ್ತೀನಿ. ಸಂಜೆ ಅವರ ಮನೆಗೇ ಹೋಗ್ತೀನಿ.”

ಟೈಲರ್ ಬಾಗಿಲ ಹತ್ತಿರ ನಿಂತಿದ್ದ. ಕೇಳಿಸಿತ್ತು, ಆದರೆ ಕೇಳಿಸದವನ ಹಾಗೆ ಹೊರಗಿನ ರಸ್ತೆ ನೋಡುತ್ತಿದ್ದ. ಬಸ್ಸು ಬಂತು ನೋಡು ಎಂದ. ಎಂಜಿನಿಯರ್ ಬರಲಿ ಎಂದಳು ಅವಳು. ಅವನು ಹೋಗುವ ಬಸ್ಸನ್ನು ನೋಡಿ, ಅವಳನ್ನು ನೋಡಿ, ಆಯ್ತು, ನಿಮ್ಮಮ್ಮನಿಗೆ ಹೇಳ್ತೀನಿ ಎಂದು ಮೆಟ್ಟಿಲಿಳಿದ.

ಕಾಯುವವರ ಬೆಂಚು ಗೋಡೆಗುಂಟ ಉದ್ದಕ್ಕೆ ಹಾಕಿತ್ತು. ಮಗು ಎತ್ತಿಕೊಂಡ ಹೆಂಗಸೊಬ್ಬಳು, ಊರುಗೋಲಿನ ಮುದುಕನೊಬ್ಬ, ಕಾಗದ ಹಿಡಿದು ಕಾಲು ಕುಣಿಸುತ್ತಿದ್ದ ಡ್ರೈವರನೊಬ್ಬ. ಬೆಂಚಿನ ಮೇಲಿನ ಸುಣ್ಣದ ಗೋಡೆಯಲ್ಲಿ, ಕೂತವರ ತಲೆಯೆತ್ತರಕ್ಕೆ, ವರ್ಷಗಟ್ಟಲೆ ಒರಗಿದ ತಲೆಗಳ ಎಣ್ಣೆಗಪ್ಪು ಗುರುತುಗಳು ಸಾಲಾಗಿ ಮೂಡಿದ್ದವು, ಒಂದು ತುಸು ಮೇಲೆ, ಒಂದು ತುಸು ಕೆಳಗೆ. ಮಗುವಿನ ತಾಯಿ ಸರಿದು ಜಾಗ ಬಿಟ್ಟಳು. ಅವಳು ಕೂತಳು. ಮೊದಲು ಬೆನ್ನು ನೆಟ್ಟಗೆ ಮಾಡಿಕೊಂಡು, ಆಮೇಲೆ ಮೆಲ್ಲಗೆ ತಲೆಯನ್ನು ಹಿಂದಕ್ಕೆ, ಒಂದು ಗುರುತಿಗೆ ಆನಿಸಿದಳು.