ಹತ್ತಕ್ಕೆ ಆರು

ಇಂಗ್ಲಿಷ್ ಮೇಷ್ಟ್ರ ಮನೆಯಲ್ಲಿ ಬುಧವಾರ ಬಂತೆಂದರೆ ಸಂಭ್ರಮ. ನಿಜವಾದದ್ದಲ್ಲ, ಪಾಠದ್ದು. ಸೋಮವಾರ ಕ್ಷಮೆ ಕೇಳುವುದನ್ನೂ ಮಂಗಳವಾರ ದೂರು ಹೇಳುವುದನ್ನೂ ಕಲಿಸಿ, ಬುಧವಾರ ಅವರು ಹಿಗ್ಗುವುದನ್ನು ಕಲಿಸುತ್ತಿದ್ದರು. ಮುಂಗೋಣೆಯಲ್ಲಿ ಹನ್ನೆರಡು ಪ್ಲಾಸ್ಟಿಕ್ ಕುರ್ಚಿ, ಒಂದು ಬಿಳಿ ಬೋರ್ಡು. ಒಬ್ಬೊಬ್ಬರಾಗಿ ಎದ್ದು ಒಂದು ಸಿಹಿಸುದ್ದಿ ಹೇಳಬೇಕು. ಸುದ್ದಿ ಸುಳ್ಳಾದರೂ ಅಡ್ಡಿಯಿಲ್ಲ, ಹೇಳುವ ಧಾಟಿ ಸಹಜವಾಗಿರಬೇಕು. ಮೇಷ್ಟ್ರು ಬೆರಳೆತ್ತಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದರು. ಏಳು ದಾಟಿದವರು ಆ ಕೋಣೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಆ ಬುಧವಾರ ಮೊದಲು ಎದ್ದವನು ಟ್ಯಾಕ್ಸಿ ಡ್ರೈವರ್. ‘ಐ ಆಮ್ ವೆರಿ ವೆರಿ ಹ್ಯಾಪಿ’ ಎಂದು ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಒಪ್ಪಿಸಿದ.

“ಹಿಂಗೆ ಹೇಳಿದ್ರೆ ಕೇಳಿದೋರು ನಿಮಗೆ ಸಮಾಧಾನ ಹೇಳಕ್ಕೆ ಬರ್ತಾರೆ ಕಣ್ರೀ,” ಎಂದರು ಮೇಷ್ಟ್ರು. “ವೆರಿ ವೆರಿ ಎಲ್ಲ ಬೇಡ. ‘ಗೆಸ್ ವಾಟ್’ ಅಂತ ಶುರು ಮಾಡಿ. ಒಂದು ಕ್ಷಣ ಸುಮ್ನಿರಿ. ಆಮೇಲೆ ‘ಐ ಗಾಟ್ ದ ಜಾಬ್’. ಹುಬ್ಬು ಮೇಲೇಳ್ಬೇಕು, ದನಿ ಕೊನೇಲಿ ಬೀಳ್ಬಾರ್ದು.”

ಕೆಲಸ ಸಿಕ್ಕಿತೆಂಬ ಆ ವಾಕ್ಯ ನಾಲ್ಕು ವರ್ಷದಿಂದ ಬೋರ್ಡಿನ ಮೂಲೆಯಲ್ಲಿ ಅಳಿಸದೆ ಉಳಿದಿತ್ತು. ಇಷ್ಟು ದಿನಗಳಲ್ಲಿ ಕಡಿಮೆಯೆಂದರೂ ಇನ್ನೂರು ಜನಕ್ಕೆ ಆ ಕೋಣೆಯಲ್ಲಿ ಕೆಲಸ ಸಿಕ್ಕಿತ್ತು, ಹೊರಗೆ ಕಾಲಿಟ್ಟ ಕೂಡಲೇ ಹೋಗಿಯೂ ಬಿಟ್ಟಿತ್ತು.

ಮೇಷ್ಟ್ರ ಹೆಂಡತಿ ದಿನವೂ ಗೋಡೆಯ ಆಚೆ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಈ ಪಾಠವನ್ನೆಲ್ಲ ಕೇಳುತ್ತಿದ್ದಳು. ಬೀದಿಯವರ ಪ್ಯಾಂಟಿಗೆ ಜಿಪ್ಪು ಹಾಕುವುದು, ಅಂಗಿಗೆ ಗುಂಡಿ ಹೊಲಿಯುವುದು ಅವಳ ಕಸುಬು. ಒಮ್ಮೆ ಊಟಕ್ಕೆ ಬಡಿಸುತ್ತಾ ಒಂದು ಇಂಗ್ಲಿಷ್ ವಾಕ್ಯ ಹೇಳಿ ನೋಡಿದ್ದಳು. “ನಿಂಗ್ಯಾಕೆ ಈ ಉಸಾಬರಿ?” ಎಂದು ಮೇಷ್ಟ್ರು ನಕ್ಕಿದ್ದರು. ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ. ಆದರೆ ಆಮೇಲೆ ಅವಳು ಇಂಗ್ಲಿಷಿನಲ್ಲಿ ತುಟಿಪಿಟಕ್ಕೆಂದಿರಲಿಲ್ಲ.

ಹನ್ನೊಂದು ಹೊಡೆಯುವ ಹೊತ್ತಿಗೆ ಬೀದಿ ಬಾಗಿಲು ತೆರೆಯಿತು. ಆ ದಿನ ಬೆಳಿಗ್ಗೆಯೇ ಹೊರಗೆ ಹೋಗಿದ್ದ ಹೆಂಡತಿ ಒಳಗೆ ಬಂದಳು. ಹೆಗಲಲ್ಲಿ ಚೀಲ, ಕಾಲಲ್ಲಿ ಇನ್ನೂ ಚಪ್ಪಲಿ, ಕೈಯಲ್ಲಿ ಎರಡು ಮಡಿಕೆಯ ಒಂದು ಕಾಗದ. ಪಾಠದ ಹೊತ್ತಿನಲ್ಲಿ ಎಂದೂ ಮುಂಗೋಣೆಗೆ ಬರದವಳು ಎಲ್ಲರ ನಡುವೆ ನಿಂತು, ಗಂಡನೊಬ್ಬನನ್ನೇ ನೋಡುತ್ತಾ, “ಗೆಸ್ ವಾಟ್” ಎಂದಳು. ಒಂದು ಕ್ಷಣ ಸುಮ್ಮನಾದಳು. “ಐ ಗಾಟ್ ದ ಜಾಬ್. ಐ ಕಾಂಟ್ ಬಿಲೀವ್ ಇಟ್.” ಏದುಸಿರಿಗೆ ಕೊನೆಯ ಮಾತು ಅರ್ಧಕ್ಕೇ ನಿಂತಿತು. ಕಣ್ಣು ತುಂಬಿತ್ತು.

ಮೇಷ್ಟ್ರಿಗೆ ಖುಷಿಯೇ ಆಯಿತು. ಮಂಕಾಗಿದ್ದ ತರಗತಿಗೆ ಕಳೆ ಬಂತಲ್ಲ ಎಂದುಕೊಂಡರು.

“ನೋಡಿದ್ರಾ? ನಮ್ಮನೆ ಗೋಡೆಗಳಿಗೂ ಇಂಗ್ಲಿಷ್ ಬರುತ್ತೆ,” ಎಂದರು. ಎಲ್ಲರೂ ನಕ್ಕರು. ಮೇಷ್ಟ್ರು ಆರು ಬೆರಳು ಎತ್ತಿದರು. “ಆರು. ಮಾತು ಸರಿಯಾಗಿದೆ. ಆದ್ರೆ ಆ ಏದುಸಿರು, ಕಣ್ಣೀರು ಎಲ್ಲ ಅತಿಯಾಯ್ತು. ನಾಟಕ ಅನ್ಸುತ್ತೆ. ಎಲ್ಲಿ, ಇನ್ನೊಂದ್ಸಲ ಹೇಳು. ಸಹಜವಾಗಿ.”

ಅವಳು ಅವರನ್ನು ನೋಡಿದಳು. ಆಮೇಲೆ ಇನ್ನೊಂದು ಸಲ ಹೇಳಿದಳು. ಹುಬ್ಬು ಎಷ್ಟು ಏರಬೇಕೋ ಅಷ್ಟೇ ಏರಿತು, ದನಿ ಕೊನೆಯಲ್ಲಿ ಬೀಳಲಿಲ್ಲ.

“ಎಂಟು,” ಎಂದರು ಮೇಷ್ಟ್ರು. ಡ್ರೈವರ್ ಚಪ್ಪಾಳೆ ತಟ್ಟಿದ. ಅವಳು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋದಳು.

ಹಿಂದಿನ ಸಾಲಿನಲ್ಲಿದ್ದ ನರ್ಸ್ ಎದ್ದು ನಿಂತಳು. ಸಂಭ್ರಮ ಹೇಳುವ ಸರದಿ ಅವಳದಾಗಿರಲಿಲ್ಲ.

“ಸಾರ್, ಅಕ್ಕ ಪ್ರಾಕ್ಟೀಸ್ ಮಾಡಿದ್ದಲ್ಲ,” ಎಂದಳು ಮೆಲ್ಲಗೆ. “ನಮ್ಮ ಆಸ್ಪತ್ರೆ ಲಾಂಡ್ರಿಗೆ ಸೂಪರ್‌ವೈಸರ್ ಬೇಕಾಗಿತ್ತು. ಹೊಲಿಗೆ ಗೊತ್ತಿರೋರೇ ಬೇಕಿತ್ತು, ನಾನೇ ಅಕ್ಕಂಗೆ ಹೇಳಿದ್ದೆ. ಇಂಟರ್‌ವ್ಯೂ ಪೂರ್ತಿ ಇಂಗ್ಲಿಷಲ್ಲೇ ಆಯ್ತಂತೆ. ಇವತ್ತು ಲೆಟರ್ ಕೊಡೋದಿತ್ತು.”

“ನಂಗೆ ಹೇಳ್ಲೇ ಇಲ್ವಲ್ಲ,” ಎಂದರು ಮೇಷ್ಟ್ರು. ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತು.

“ಫೇಲಾದ್ರೆ ನಿಮ್ಮ ಹೆಸರು ಹಾಳಾಗುತ್ತೆ ಅಂತ ಹೆದರ್ತಿದ್ರು ಸಾರ್. ಸಿಕ್ಕಿದ್ರೆ ಮೊದಲು ನಿಮಗೇ ಹೇಳ್ತೀನಿ, ಅದೂ ಇಂಗ್ಲಿಷಲ್ಲೇ ಹೇಳ್ತೀನಿ ಅಂತಿದ್ರು.”

ಚಪ್ಪಾಳೆ ತಟ್ಟಿದ್ದ ಡ್ರೈವರ್ ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು ನೆಲ ನೋಡುತ್ತಿದ್ದ. ಮೇಷ್ಟ್ರ ಮುಖ ಹುಳ್ಳಗಾಯಿತು. ಇಂಗ್ಲಿಷಿನ ಗಂಧಗಾಳಿ ಇಲ್ಲದ ಹನ್ನೊಂದು ಜನಕ್ಕೆ ಅವಳ ಕೈಯಲ್ಲಿದ್ದ ಕಾಗದ ಕಂಡಿತ್ತು. ಹದಿನೆಂಟು ವರ್ಷ ಅವಳ ಜೊತೆ ಸಂಸಾರ ಮಾಡಿದವರು ಉಚ್ಚಾರಣೆ ನೋಡುತ್ತಾ ಕೂತಿದ್ದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. “ಇವತ್ತಿಗೆ ಸಾಕು,” ಎಂದು ತರಗತಿ ಬಿಟ್ಟರು. ಹೋಗುವಾಗ ಯಾರೂ ಥ್ಯಾಂಕ್ಯೂ ಹೇಳಲಿಲ್ಲ, ಅದನ್ನು ಕಲಿಸಿದವರೂ ಅವರೇ.

ಕೋಣೆ ಖಾಲಿಯಾದ ಮೇಲೂ ಅವರು ಸ್ವಲ್ಪ ಹೊತ್ತು ನಿಂತೇ ಇದ್ದರು. ಒಳಗೆ ಹೋಗಿ ಏನೆನ್ನುವುದು? ಇಂಗ್ಲಿಷಿನಲ್ಲಿ ಮೆಚ್ಚುಗೆ ಹೇಳುವ ಹತ್ತು ಬಗೆ ಬಾಯಿಪಾಠವಾಗಿತ್ತು. ಮನೆಮಾತಿನಲ್ಲಿ ‘ಶಭಾಷ್’ ಎಂದು ಹೆಂಡತಿಗೆ ಹೇಳಿದ್ದು ಯಾವಾಗ ಎಂದು ಎಷ್ಟು ಕೆದಕಿದರೂ ನೆನಪಾಗಲಿಲ್ಲ. ತಪ್ಪಾಯ್ತು ಅಂದುಬಿಡೋಣ, ಕಾಲು ಹಿಡಿಯುವುದಾದರೆ ಅದೂ ಆಗಲಿ ಎಂದು ಒಳಬಾಗಿಲ ತನಕ ನಡೆದರು.

ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಅವಳು ತಂಗಿಯ ಜೊತೆ ಮಾತಾಡುತ್ತಿದ್ದಳು. ಫೋನು ಮೆಷಿನ್ನಿನ ಮೇಲಿತ್ತು, ಸ್ಪೀಕರ್ ಹಾಕಿದ್ದಳು.

“ಮೂರು ಜನ ಸಾಲಾಗಿ ಕೂತಿದ್ರು ಕಣೇ. ನಂಗೆ ಕೈಕಾಲೇ ಆಡ್ಲಿಲ್ಲ. ಅಯ್ಯೋ ಇರೇ, ಪೂರ್ತಿ ಕೇಳು. ಕಿತ್ತುಹೋದ ಹೊದಿಕೆ ಬಂದ್ರೆ ಏನ್ಮಾಡ್ತೀರಾ ಅಂದ್ರು. ಏನ್ಮಾಡೋದು, ಹೊಲೀತೀನಿ ಅಂದೆ.”

ಅಕ್ಕತಂಗಿಯರಿಬ್ಬರೂ ಬಿದ್ದುಬಿದ್ದು ನಕ್ಕರು. ಅವಳ ಮಾತು ಒಂದರ ಮೇಲೊಂದು ಹತ್ತಿ ಬರುತ್ತಿತ್ತು, ಎಲ್ಲೆಲ್ಲೋ ನಿಂತು ಮತ್ತೆ ಶುರುವಾಗುತ್ತಿತ್ತು. ಈ ನಗು ಮೇಷ್ಟ್ರಿಗೆ ಬರಬೇಕಾಗಿದ್ದದ್ದು. ಮನೆಯ ಬಾಗಿಲ ತನಕ ಓಡಿಕೊಂಡು ಬಂದಿತ್ತು.

“ಭಾವಂಗೆ ಹೇಳಿದ್ಯಾ? ಏನಂದ್ರು ಅಕ್ಕಾ?” ಎಂದಳು ತಂಗಿ.

ಮೇಷ್ಟ್ರು ಬಾಗಿಲು ತಳ್ಳಲೆಂದು ಕೈಯಿಟ್ಟರು.

“ಏನಂತಾರೆ,” ಎಂದಳು ಅವಳು. “ಪಾಠ ಅಲ್ಲಿಗೇ ಬಿಟ್ಟು ಎದ್ದು ನಿಂತ್ಬಿಟ್ರು. ಅಷ್ಟು ಜನರ ಮುಂದೆ ಹೊಗಳಿದ್ದೇ ಹೊಗಳಿದ್ದು ಕಣೇ. ನಂಗೇ ನಾಚಿಕೆ ಆಗೋಯ್ತು.”

ಬಾಗಿಲಿಗೆ ಇಟ್ಟಿದ್ದ ಕೈಯನ್ನು ಮೇಷ್ಟ್ರು ಹಿಂದಕ್ಕೆ ತೆಗೆದುಕೊಂಡರು.