ಲೈಲ್ ಬ್ರಾಕೆಟನ ರಿವಾಲ್ವರಿಗೆ ಹೊಸ ಗುರಿಮೊನೆ

ನಮ್ಮ ಕಡೆ ಗಂಡಸಿನ ಕಣ್ಣು ಮಂಜಾದರೆ ಅವನು ಮೊದಲು ಹೋಗುವುದು ಕಣ್ಣಿನ ಡಾಕ್ಟರ ಹತ್ತಿರ ಅಲ್ಲ, ನನ್ನ ಹತ್ತಿರ. ನಾನು ಬಂದೂಕು ರಿಪೇರಿ ಮಾಡುವವನು. ವಯೋಮಿಂಗಿನ ಈ ಗಾಳಿಯೂರಿನಲ್ಲಿ ಮೂವತ್ತೆಂಟು ವರ್ಷದಿಂದ ಅಂಗಡಿ ಇಟ್ಟುಕೊಂಡು ಕೂತಿದ್ದೇನೆ. ಇಷ್ಟು ವರ್ಷದಲ್ಲಿ "ನನಗೆ ಕಣ್ಣು ಕಾಣಿಸುತ್ತಿಲ್ಲ" ಎಂದು ಬಾಯಿಬಿಟ್ಟು ಹೇಳಿದವನು ಒಬ್ಬನೂ ಬಂದಿಲ್ಲ. ಕೆಟ್ಟಿರುವುದು ಯಾವಾಗಲೂ ಬಂದೂಕೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮವರು ಆ ನೆಲವನ್ನು ಹೊತ್ತುಕೊಂಡು ನನ್ನ ಅಂಗಡಿಗೇ ಬರುತ್ತಾರೆ.

ಲೈಲ್ ಬ್ರಾಕೆಟ್ ಬಂದದ್ದು ಮೇ ತಿಂಗಳಲ್ಲಿ. ದನ ಸಾಕಿ ಬದುಕಿದವನು, ಎಪ್ಪತ್ತೆರಡು ವಯಸ್ಸು, ಶಾಲೆಯಲ್ಲಿ ನನಗಿಂತ ಎರಡು ಕ್ಲಾಸು ಮುಂದಿದ್ದ. ನಮ್ಮ ಗುಂಡು ಹಾರಿಸುವ ಕ್ಲಬ್ಬಿನಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಕೈಯಲ್ಲಿ ಅವನ ಅಪ್ಪನ ರಿವಾಲ್ವರ್: ಪ್ರತಿ ಗುಂಡಿಗೂ ಹೆಬ್ಬೆರಳಲ್ಲಿ ಹಿಂದುಗಡೆಯ ಕೊಕ್ಕೆ, ಅಂದರೆ ಕುದುರೆ, ಎಳೆಯಬೇಕು, ಆಮೇಲೇ ಬೆರಳು ಒತ್ತಬೇಕು, ಆ ಹಳೇ ನಮೂನೆಯದು. ಬಾಗಿಲಲ್ಲೇ ನಿಂತ.

"ಯಾರೋ ಗಿರಾಕಿ ಇದಾರಲ್ಲ ಮರ್ಲ್. ಮೊದಲು ಅವರದ್ದು ನೋಡು, ನಾನು ಕಾಯ್ತೀನಿ."

ಅವನು ಕೈ ತೋರಿಸಿದ ಕಡೆ ನನ್ನ ಕೋಟು ಗೂಟಕ್ಕೆ ನೇತಾಡುತ್ತಿತ್ತು, ಮೇಲೆ ಟೋಪಿ.

"ಅವರಿಗೇನು ಅವಸರ ಇಲ್ಲ. ಬಾ ಕೂತ್ಕೋ," ಅಂದೆ.

"ಇದಕ್ಕೆ ಏನೋ ಆಗಿದೆ ಕಣೋ. ಗುಂಡು ತನಗೆ ಬೇಕಾದ ಕಡೆ ಹೋಗ್ತಿದೆ."

"ರಿವಾಲ್ವರಿಗೆ ಏನಾಗುತ್ತೆ ಲೈಲ್? ನಿಂಗೂ ವಯಸ್ಸಾಯ್ತಲ್ಲ."

"ವಯಸ್ಸಿಗೂ ಇದಕ್ಕೂ ಏನಯ್ಯಾ ಸಂಬಂಧ? ಇದಕ್ಕೆ ನನಗಿಂತ ಜಾಸ್ತಿ ವಯಸ್ಸು!"

ಅವನಿಗೆ ಬೇಕಾದದ್ದು ಎರಡು. ನಳಿಗೆಯ ತುದಿಯಲ್ಲಿ, ಗುರಿ ಹಿಡಿಯಲು ಎದ್ದು ಕಾಣುವಂಥ ಹೊಸ ಗುರಿಮೊನೆ. ಮತ್ತೆ ಹೊಸ ಹಿಡಿ. ಬೆರಳ ಗಂಟುಗಳು ಊದಿಕೊಂಡು ಹಳೇ ಸಣ್ಣ ಹಿಡಿ ಕೈಯಲ್ಲಿ ತಿರುಗುತ್ತಿತ್ತು. ಹಿಡಿಗೆ ಅವನು ಪ್ರಾಯದಲ್ಲಿ ಹೊಡೆದ ಎಲ್ಕ್ ಜಿಂಕೆಯ ಕೊಂಬೇ ಆಗಬೇಕು. ಕೊಂಬು ಆಮೇಲೆ ಕಳಿಸುತ್ತೇನೆ ಎಂದ. ಹೋಗುವಾಗ ನನ್ನ ಕೋಟಿಗೆ ತಲೆಬಾಗಿಸಿ ಹೋದ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅವನು ಟ್ರಕ್ಕು ಓಡಿಸುತ್ತಿದ್ದ. ನಮ್ಮ ರಸ್ತೆಗಳಲ್ಲಿ ಎದುರಿಗೆ ಬಂದ ಗಾಡಿಗೆಲ್ಲ ಸ್ಟಿಯರಿಂಗಿನಿಂದ ಒಂದು ಬೆರಳೆತ್ತುವುದು ಮರ್ಯಾದೆ. ಲೈಲ್ ಈಚೆಗೆ ಹುಲ್ಲಿನ ಬಣವೆಗೂ ಬೆರಳೆತ್ತುತ್ತಿದ್ದ, ನೀರಿನ ತೊಟ್ಟಿಗೂ ಎತ್ತುತ್ತಿದ್ದ. ವಯಸ್ಸಾದ ಮೇಲೆ ಎಷ್ಟು ಮೃದುವಾದ ಎಂದು ಊರು ಹೊಗಳುತ್ತಿತ್ತು. ಆ ಟ್ರಕ್ಕಿನಲ್ಲಿ ಪಕ್ಕಕ್ಕೆ ಕೂರಬೇಕಾದವಳು ಅವನ ಹೆಂಡತಿ ಆರ್ಡಿತ್. ಅವಳಿಗೆ ಓಡಿಸಲು ಬರುತ್ತಿರಲಿಲ್ಲವೆಂದಲ್ಲ. ಹುಲ್ಲಿನ ಲಾರಿಯನ್ನೇ ಓಡಿಸಿದವಳು. ಆದರೆ ನಮ್ಮ ಕಡೆ ಹೆಂಡತಿ ಓಡಿಸಿ ಗಂಡ ಪಕ್ಕದಲ್ಲಿ ಕೂತಿದ್ದರೆ ಅವನು ಒಂದೋ ಕುಡಿದಿರಬೇಕು, ಇಲ್ಲ ಆಸ್ಪತ್ರೆಗೆ ಹೊರಟಿರಬೇಕು.

ಜೂನ್ ತಿಂಗಳ ಒಂದು ಭಾನುವಾರ, ಬೆಂಕಿ ಆರಿಸುವವರ ಸಭಾಂಗಣದಲ್ಲಿ ಊರೆಲ್ಲ ಸೇರಿ ಪ್ಯಾನ್‌ಕೇಕ್ ತಿನ್ನುತ್ತಿದ್ದಾಗ, ಆರ್ಡಿತಳ ಸಹನೆಯ ಕಟ್ಟೆಯೊಡೆಯಿತು.

"ಈ ವರ್ಷ ನಮ್ಮ ಟಪಾಲು ಡಬ್ಬಾನೇ ಮೂರು ಸಲ ಕೆಡವಿದೀಯ. ಟ್ರಕ್ಕಿನ ಕೀಲಿ ಕೊಡು ಇಲ್ಲಿ."

ಲೈಲ್ ಎದ್ದು ನಿಂತ. ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಸೆಪ್ಟೆಂಬರಲ್ಲಿ ಕ್ಲಬ್ಬಿನ ಪಂದ್ಯದಲ್ಲಿ ಗುಂಡು ಹೊಡೆದು ಹತ್ತಕ್ಕೆ ಹತ್ತು ಉಕ್ಕಿನ ತಟ್ಟೆ ಬೀಳಿಸ್ತೀನಿ. ಒಂದು ತಪ್ಪಿದ್ರೂ ಕೀಲಿ ನಿಂದು. ಹತ್ತೂ ಬಿದ್ರೆ, ನನ್ನ ಕಣ್ಣಿನ ಸುದ್ದಿ ಇನ್ಯಾರೂ ಎತ್ತಬಾರದು. ಆಯ್ತಾ?"

ನ್ಯಾಯವಾದ ಮಾತು ಅಂದರು ಎಲ್ಲರೂ. ಸಿರಪ್ಪು ಸುರಿದುಕೊಂಡು ಮತ್ತೆ ತಿನ್ನತೊಡಗಿದರು. ನಾನೂ ತಲೆಯಾಡಿಸಿದೆ. ನಾಚಿಕೆಯಾಗಬೇಕಿತ್ತು ನನಗೆ. ಏಕೆಂದರೆ ಗುಂಡು ಹಾರಿಸುವವನು ಕಣ್ಣು ನೆಡಬೇಕಾದ್ದು ಗುರಿಮೊನೆಯ ಮೇಲೆ. ಗುರಿ ಮಸುಕಾಗಿ ಕಂಡರೂ ಸಾಕು. ನಾವೇ ಮಕ್ಕಳಿಗೆ ಕಲಿಸುವ ಮೊದಲ ಪಾಠ ಇದು. ಆದರೂ ಒಬ್ಬ ಮನುಷ್ಯನಿಗೆ ದೂರದ ದನ ಕಾಣುತ್ತದೋ ಇಲ್ಲವೋ ಎಂದು ತಿಳಿಯಲು ನಮ್ಮೂರು ಆರಿಸಿಕೊಂಡ ಪರೀಕ್ಷೆ ರಿವಾಲ್ವರು.

ಮರುವಾರ ಆರ್ಡಿತ್ ಅಂಗಡಿಗೆ ಬಂದಳು. ಒಂದು ಕೈಯಲ್ಲಿ ಕೊಂಬು, ಇನ್ನೊಂದರಲ್ಲಿ ರುಬಾರ್ಬ್ ಎಂಬ ಹುಳಿ ದಂಟು ತುಂಬಿ ಬೇಯಿಸಿದ ಪೈ. ಪೈ ಮುಂದಿಟ್ಟಳು.

"ಇದು ಯಾತಕ್ಕೆ?" ಅಂದೆ.

"ತಿನ್ನು ಮೊದ್ಲು."

ಅರ್ಧ ಮುಗಿಸಿದ ಮೇಲೆ ವಿಷಯಕ್ಕೆ ಬಂದಳು. "ಗುರಿಮೊನೆ ಎತ್ತರಕ್ಕೆ ಕೂರಿಸಿ, ಆಮೇಲೆ ಅರದಿಂದ ಚೂರು ಚೂರೇ ಉಜ್ಜಿ ಸರಿ ಮಾಡ್ತೀಯ ತಾನೇ? ಉಜ್ಜಿದಷ್ಟೂ ಗುಂಡು ಮೇಲಕ್ಕೆ ಹೋಗುತ್ತೆ."

"ಹೌದು."

"ನಾಲ್ಕು ಸಲ ಜಾಸ್ತಿ ಉಜ್ಜಿಬಿಡು ಮರ್ಲ್. ತಟ್ಟೆ ಮೇಲಿಂದ ಹಾರಿ ಹೋಗ್ಲಿ."

ನಾನು ಪೈ ಅಗಿಯುವುದನ್ನು ನಿಲ್ಲಿಸಿದೆ.

"ಡಾಕ್ಟರು ಕಣ್ಣಲ್ಲಿ ಪೊರೆ ಅಂದ್ರು. ತೆಗೆದ್ರೆ ಸರಿಹೋಗುತ್ತೆ ಅಂದ್ರು. ಈ ಪುಣ್ಯಾತ್ಮ ಅವರ ಅಕ್ಷರದ ಬೋರ್ಡೇ ಸರಿಯಾಗಿ ಅಚ್ಚಾಗಿಲ್ಲ ಅಂತ ಎದ್ದುಬಂದ. ನಾನು ಪ್ರತಿ ಸಲ ಆ ಟ್ರಕ್ಕು ಹತ್ತೋವಾಗ ಹೊಲಿಗೆ ಬುಟ್ಟೀಲಿ ಮಗಳಿಗೆ ಚೀಟಿ ಬರೆದಿಟ್ಟು ಹತ್ತುತೀನಿ. ಗೊತ್ತಾ ನಿಂಗೆ? ನನಗೆ ಭಯ ಆಗುತ್ತೆ."

ಐವತ್ತು ವರ್ಷದ ಪರಿಚಯದಲ್ಲಿ ಆರ್ಡಿತ್ ಭಯ ಎಂಬ ಮಾತಾಡಿದ್ದು ಅದೇ ಮೊದಲು. ಆಗಲಿ ಅಂದೆ. ಉಳಿದರ್ಧ ಪೈಯನ್ನೂ ತಿಂದೆ.

ಕೊಟ್ಟ ಮಾತು ಉಳಿಸಿಕೊಳ್ಳಬೇಕೆಂದೇ ಕೆಲಸಕ್ಕೆ ಕೂತದ್ದು, ದೇವರಾಣೆ. ಹಳೇ ತೆಳು ಮೊನೆಯನ್ನು ಕತ್ತರಿಸಿ, ಅದರ ಎರಡರಷ್ಟು ದಪ್ಪದ್ದನ್ನು ಬೆಸುಗೆ ಹಾಕಿದೆ. ಅದರ ಮುಖಕ್ಕೆ ಕಾಳುಮೆಣಸಿನಷ್ಟೂ ಇಲ್ಲದ ಹಿತ್ತಾಳೆಯ ಚುಕ್ಕಿ ಕೂರಿಸಿದೆ. ಗುರಿ ನೋಡುವ ಹಿಂದಿನ ಸೀಳನ್ನು ಅಗಲ ಮಾಡಿದೆ. ಕೊಂಬನ್ನು ಸೀಳಿ, ಒಳಗಿನ ಬೆಂಡು ಬಿಟ್ಟು ಗಟ್ಟಿ ಹೊರಪದರ ಮಾತ್ರ ಆರಿಸಿ, ಮರಳು ಕಾಗದದಲ್ಲಿ ತಿಕ್ಕಿದೆ. ಹಲ್ಲು ಕೊರೆಯುವಾಗ ಬರುತ್ತದಲ್ಲ, ಆ ಸುಟ್ಟ ವಾಸನೆ ವಾರಗಟ್ಟಲೆ ಅಂಗಡಿಯಲ್ಲಿತ್ತು. ಲೈಲನ ಕೈಗೆ ಜೇಡಿಮಣ್ಣಿನ ಮುದ್ದೆ ಕೊಟ್ಟು ಹಿಸುಕಿಸಿದ್ದೆ. ಆ ಅಚ್ಚು ನೋಡಿಕೊಂಡು ಅವನ ಊದಿದ ಗಂಟುಗಳಿಗೆ ಒಂದೊಂದು ತಗ್ಗು ಮಾಡಿದೆ. ಕೂತಿತು ನೋಡಿ, ಕೈಯಲ್ಲಿ ಬೆಳೆದ ಹಾಗೆ.

ಆಮೇಲೆ ಊರಾಚೆ ಹೋಗಿ ಹಾರಿಸುತ್ತ, ಉಜ್ಜುತ್ತ ಬಂದೆ. ಅರದಿಂದ ಎರಡೆಳೆತ, ಐದು ಗುಂಡು. ಮತ್ತೆ ಒಂದೆಳೆತ, ಐದು ಗುಂಡು. ಕೊನೆಗೆ ಐದೂ ಒಂದು ಬಿಸ್ಕತ್ತು ಮುಚ್ಚುವಷ್ಟು ಜಾಗದಲ್ಲಿ ಬಿದ್ದವು. ಇನ್ನು ನಾಲ್ಕು ಸಲ ಉಜ್ಜಿದರೆ ಆರ್ಡಿತಳ ಕೆಲಸ ಆಯಿತು. ಅರವನ್ನು ಮೊನೆಯ ಮೇಲಿಟ್ಟೆ, ಎಷ್ಟೋ ಹೊತ್ತು ಇಟ್ಟುಕೊಂಡೇ ನಿಂತಿದ್ದೆ. ಲೈಲ್ ನೊಂದುಕೊಳ್ಳುತ್ತಾನೆ ಎಂದೋ, ಗೆಳೆತನ ಎಂದೋ ಹೇಳಿದರೆ ಸುಳ್ಳಾಗುತ್ತದೆ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಕೆಲಸ ಇನ್ನೊಂದು ಮಾಡಿರಲಿಲ್ಲ, ಅಷ್ಟೇ. ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ. ಅರವನ್ನು ಜೇಬಿಗಿಟ್ಟುಕೊಂಡು ಮನೆಗೆ ಬಂದೆ.

ಸೆಪ್ಟೆಂಬರಿನ ಪಂದ್ಯಕ್ಕೆ ಊರು ನೆರೆದಿತ್ತು. ಹತ್ತು ಹೆಜ್ಜೆ ಆಚೆ, ಮಣ್ಣಿನ ದಿಬ್ಬದ ಮುಂದೆ, ಬಿಳಿ ಬಣ್ಣ ಬಳಿದ ಹತ್ತು ಉಕ್ಕಿನ ತಟ್ಟೆ. ಲೈಲ್, ಜೋಪಾನಕ್ಕೆ ಒಂದು ಗೂಡು ಖಾಲಿ ಬಿಡುವ ಪದ್ಧತಿಯಂತೆ, ಆರು ಗೂಡಿಗೆ ಐದೇ ಗುಂಡು ತುಂಬಿದ. ಕುದುರೆ ಎಳೆದ, ಒತ್ತಿದ. ಠಣ್! ಎಳೆದ, ಒತ್ತಿದ. ಠಣ್! ಐದು ಬಿದ್ದವು. ನಿಧಾನವಾಗಿ ಮತ್ತೆ ಐದು ತುಂಬಿದ. ಆ ಐದೂ ಬಿದ್ದವು.

ಜನ ಟೋಪಿ ಹಾರಿಸಿದರು. ನನ್ನ ಬೆನ್ನು ತಟ್ಟಿದರು. "ಏನು ಕೈ ಮರ್ಲ್ ನಿಂದು! ಕುರುಡನಿಗೂ ಗುರಿ ಹಿಡಿಸ್ತೀಯ!" ಎಂದನೊಬ್ಬ. ತಮಾಷೆಗೆ ಅಂದದ್ದು. ನಾನು ಹಿಗ್ಗಿದೆ, ಸುಳ್ಳೇಕೆ. ಅಷ್ಟರಲ್ಲಿ ಲೈಲ್ ಹಿಂದಿರುಗಿ ದಾಪುಗಾಲು ಹಾಕುತ್ತ ಬಂದು, "ನೋಡಿದ್ಯೇನೇ ಮುದುಕಿ?" ಎಂದು ಪಾದ್ರಿಯ ಹೆಂಡತಿಯನ್ನು ಅಪ್ಪಿಕೊಂಡ. ಆಕೆಯೂ ಅವತ್ತು ಆರ್ಡಿತಳ ಹಾಗೆ ನೀಲಿ ಟೋಪಿ ಹಾಕಿದ್ದಳು. ಜನ ಇನ್ನಷ್ಟು ನಕ್ಕರು. ನಗದಿದ್ದವರು ಇಬ್ಬರೇ, ಆರ್ಡಿತ್ ಮತ್ತು ನಾನು.

ಅವಳು ನನ್ನ ಹತ್ತಿರ ಬಂದಳು. ಬೈಯಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, "ಮರ್ಲ್ ಇವತ್ತು ನಮ್ಮನೇಲಿ ಊಟ ಮಾಡ್ತಾನೆ. ನಮ್ಮ ಟ್ರಕ್ಕಲ್ಲೇ ಬರ್ತಾನೆ," ಅಂದಳು.

"ನನ್ನ ಗಾಡಿ ಇದೆಯಲ್ಲ ಆರ್ಡಿತ್..."

"ಯಾಕೆ? ಲೈಲ್ ಜೊತೆ ಬರೋಕೆ ಭಯಾನಾ?"

ಊರು ನನ್ನ ಮುಖ ನೋಡಿತು. ಹೌದೆಂದರೆ ಲೈಲನ ಮಾನ ಹೋಗುತ್ತಿತ್ತು, ಜೊತೆಗೆ ನನ್ನ ಕೆಲಸದ ಮಾನವೂ. ಹತ್ತಿದೆ. ಹಳೇ ಟ್ರಕ್ಕು, ಉದ್ದಕ್ಕೆ ಒಂದೇ ಸೀಟು. ಲೈಲ್ ಸ್ಟಿಯರಿಂಗಿಗೆ, ಆರ್ಡಿತ್ ನಡುವೆ, ನಾನು ಬಾಗಿಲ ಪಕ್ಕ.

ಹನ್ನೆರಡು ಮೈಲಿ ಹಾದಿ. ಅವನು ಗೆಲುವಿನ ಖುಷಿಯಲ್ಲಿ ಜೋರಾಗಿಯೇ ಬಿಟ್ಟ. ಎಂಟನೆಯ ಮೈಲಿಯ ತಿರುವು ದಾಟಿದ ಕೂಡಲೇ ನಡುರಸ್ತೆಯಲ್ಲಿ ಹಸು ಕಂಡಿತು, ಪಕ್ಕದಲ್ಲಿ ಕರು. ಈಗ ನಿಧಾನ ಮಾಡುತ್ತಾನೆ, ಈಗ ಮಾಡುತ್ತಾನೆ ಎಂದು ಕಾದೆ. ಅವನು ಹಸುವಿಗೆ ಬೆರಳೆತ್ತಿದ.

"ಲೈಲ್, ನಿಲ್ಸೋ! ನಿಲ್ಸು!" ಕಿರುಚಿದೆ. ಆರ್ಡಿತ್ ಸ್ಟಿಯರಿಂಗ್ ಹಿಡಿದು ತನ್ನತ್ತ ಎಳೆದಳು. ಟ್ರಕ್ಕು ಹುಲ್ಲಿಗಿಳಿದು, ಬೇಲಿಗೆ ಎರಡಡಿ ಉಳಿದಾಗ ನಿಂತು, ಇಂಜಿನ್ನು ಆರಿತು. ಹಸು ನಮ್ಮನ್ನು ನೋಡಿತು. ಕರುವನ್ನು ಕರೆದುಕೊಂಡು ಹೋಯಿತು.

"ಏನದು?" ಲೈಲ್ ಕೇಳಿದ.

"ಹಸು. ಜೊತೆಗೆ ಕರು."

"ಯಾರದೋ ಗಾಡಿ ಅಂದ್ಕೊಂಡೆ." ಸ್ಟಿಯರಿಂಗಿನಿಂದ ಕೈ ತೆಗೆದ. "ತಟ್ಟೆಗಳೂ ನನಗೆ ಕಾಣ್ಲಿಲ್ಲ ಕಣೋ. ಒಂದು ಬಿಳೀ ಮಬ್ಬು, ಅದರ ಮುಂದೆ ನಿನ್ನ ಹಿತ್ತಾಳೆ ಚುಕ್ಕಿ. ಆ ತಟ್ಟೆ ನಿಲ್ಸೋ ಕಂಬೀನ ಬೆಸುಗೆ ಹಾಕಿದ್ದೋನು ನಾನೇ ಅಲ್ವ, ಅಂತರ ಕೈಗೆ ಗೊತ್ತಿತ್ತು. ಎಷ್ಟು ಬಿದ್ವು ಅಂತ ಠಣ್ ಅಂದಿದ್ದು ಎಣಿಸ್ಕೊಂಡೆ." ಆಮೇಲೆ ನನ್ನ ಕಡೆ ತಿರುಗಿದ, ಸರಿಯಾಗಿ ನನ್ನ ಕಡೆಯೂ ಅಲ್ಲ. "ನಿಜ ಹೇಳು ಮರ್ಲ್. ಆ ಹತ್ತನ್ನ ಹೊಡೆದಿದ್ದು ನಾನಾ, ನೀನಾ?"

"ನಾನು," ಅಂದೆ. ಸತ್ಯವೂ ನನ್ನ ಜಂಬವೂ ಒಂದೇ ಮಾತು ಹೇಳಿದ್ದು ಅದೊಂದೇ ಸಲ.

ಲೈಲ್ ಕೀಲಿ ಕಿತ್ತ. ಗೆದ್ದವನಿಗೆ ಸೇರಬೇಕಾದ್ದೆಂದು, ಹೆಂಡತಿಯ ಮೂಗಿನ ಮುಂದಿನಿಂದಲೇ ಹಾಯಿಸಿ ನನಗೆ ಚಾಚಿದ. ನಾನು ತಗೊಂಡೆ. ತಗೊಂಡ ಮೇಲೇ ಆರ್ಡಿತಳ ಮುಖ ನೋಡಿದ್ದು. ತುಟಿ ಬಿಳುಚಿತ್ತು. ಕೀಲಿಯನ್ನು ಅವಳ ಅಂಗೈಯಲ್ಲಿಟ್ಟೆ.

ಲೈಲ್ ಇಳಿದು ಟ್ರಕ್ಕಿನ ಮುಂದಿನಿಂದ ಸುತ್ತಿ ಬಂದ. ಹಾಡುಹಗಲು, ಅವನದೇ ಟ್ರಕ್ಕು. ಆದರೂ ಒಂದು ಕೈ ಬಾನೆಟ್ಟು ಸವರುತ್ತಲೇ ಇತ್ತು, ಬಾಗಿಲು ಸಿಗುವವರೆಗೂ. ಇಷ್ಟು ತಿಂಗಳು ಕಣ್ಣು ಕಾಣದೆ ಇದ್ದವನು ಅವನೊಬ್ಬನೇ ಅಲ್ಲ, ನಾನೂ ಎಂದು ಆಗ ಅರ್ಥವಾಯಿತು. ಅವನನ್ನು ನಡುವೆ ಕೂರಿಸಿದೆ.

ಆರ್ಡಿತ್ ಸ್ಟಿಯರಿಂಗಿಗೆ ಸರಿದು ಸೀಟನ್ನು ಮುಂದಕ್ಕೆಳೆದಳು. ತುಕ್ಕು ಹಿಡಿದದ್ದು ಮೂರು ಸಲ ಜಗ್ಗಿದ ಮೇಲೆ ಕಿರ್ರೆಂದು ಬಂತು.

"ಸೋಮವಾರ ಡಾಕ್ಟರ ಹತ್ರ," ಅಂದಳು.

"ಹೂಂ," ಎಂದ ಲೈಲ್.

ಅವರ ಜಮೀನಿಗೆ ನಾಲ್ಕು ಗೇಟು. ಬಾಗಿಲ ಪಕ್ಕ ಕೂತವನು ಇಳಿದು ತೆಗೆಯಬೇಕು, ಟ್ರಕ್ಕು ದಾಟಿದ ಮೇಲೆ ಮುಚ್ಚಬೇಕು. ಮೊದಲನೆಯದರ ಮುಂದೆ ನಿಲ್ಲಿಸಿ ಅವಳು ರಸ್ತೆಯನ್ನೇ ನೋಡುತ್ತ ಹೇಳಿದಳು:

"ಇಳಿದು ತೆಗಿ ಮರ್ಲ್. ಏನೋ ಭಾಳ ಒಳ್ಳೇ ಕೈಯಂತೆ ನಿಂದು."