ಮೋಡದ ಮೇಲಿನ ಹೊತ್ತು

ಬೆಳಿಗ್ಗೆ ಆರಕ್ಕೆ ಬಿಟ್ಟ ಪಾರಿವಾಳ ಕೊನೆಯ ಸಲ ಹನ್ನೊಂದಕ್ಕೆ ಕಂಡಿತ್ತು. ಹನ್ನೆರಡಾಗುತ್ತ ಬಂದರೂ ಸಿಂಗಾಪುರವೆಂಬ ಆ ಹಳ್ಳಿಯ ಮೇಲೆ ಮೋಡ ಬಿಟ್ಟರೆ ಇನ್ನೇನೂ ಇರಲಿಲ್ಲ.

ಹೆಚ್ಚು ಹೊತ್ತು ಹಾರಿದ ಹಕ್ಕಿ ಗೆಲ್ಲುವ ಪಂದ್ಯ; ಕಾನೂನು ಚಿಕ್ಕದು. ಗಂಟೆಗೊಂದು ಸಲ ಹಕ್ಕಿ ರೆಫ್ರಿಯ ಕಣ್ಣಿಗೆ ಬೀಳಬೇಕು. ಬೀಳದಿದ್ದರೆ ಹಾರಲೇ ಇಲ್ಲ ಅಂತ ಅರ್ಥ. ಹಕ್ಕಿಯ ಒಡೆಯ ಭೀಮರಾಜನ ತಾರಸಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಹಣೆಗೆ ಕೈ ಅಡ್ಡ ಹಿಡಿದು ಕೂತಿದ್ದ ರೆಫ್ರಿ ಪಿಳ್ಳಣ್ಣ. ಹದಿನೈದು ವರ್ಷದ ಹಿಂದೆ ಇದೇ ತಾರಸಿಯಲ್ಲಿ, ಇಂಥದೇ ಮೋಡದ ಕೆಳಗೆ, ಭೀಮರಾಜನ ಅಪ್ಪನ ಹೆಸರಿನ ಮುಂದೆ ‘ಕಾಣಲಿಲ್ಲ’ ಎಂದು ಬರೆದವನೂ ಅವನೇ. ಹಕ್ಕಿ ಹನ್ನೊಂದು ಗಂಟೆ ಹಾರಿ ಸಂಜೆಗೆ ಇಳಿಯಿತು ಎಂದು ಅಪ್ಪ ಸಾಯುವವರೆಗೂ ಹೇಳಿದ. ಊರು ಅವನನ್ನು ಸುಳ್ಳುಗಾರ ಚಿಕ್ಕಮಾರಯ್ಯ ಅಂತಲೇ ಕರೆಯಿತು. ಆ ಮಾತು ಕಿವಿಗೆ ಬಿದ್ದಾಗೆಲ್ಲ ಭೀಮರಾಜ ಯಾರದಾದರೂ ಕಾಲರಿಗೆ ಕೈ ಹಾಕುತ್ತಿದ್ದ. ಎಂಟನೇ ಕ್ಲಾಸಿಗೆ ಶಾಲೆ ತಪ್ಪಿದ್ದೂ ಹಾಗೆ ಹೊಡೆದಾಡಿಯೇ. ಈಗ ಅದೇ ತಳಿಯ ಗಂಡು ಮೇಲಿದೆ. ರೆಫ್ರಿಯ ಪುಸ್ತಕದಲ್ಲಿ ಹನ್ನೊಂದು ಗಂಟೆ ಅಂತ ಒಂದು ಸಲ ಬಿದ್ದರೆ ಸಾಕು, ಊರಿನ ಬಾಯಿ ಮುಚ್ಚುತ್ತದೆ.

“ಇನ್ನತ್ ನಿಮ್ಸ ಐತೆ ಕಣ್ಲಾ,” ಎಂದ ಪಿಳ್ಳಣ್ಣ. “ಬಿಳಿ ಎಣ್ಣನ್ನ ಎತ್ತಿ ತೋರ್ಸು. ಇಳೀತದೆ.”

ಗೂಡಿನ ಬಿಳಿ ಹೆಣ್ಣು ಪಾರಿವಾಳ ಭೀಮರಾಜನ ಕೈಯಲ್ಲೇ ಇತ್ತು. ಎತ್ತಿ ರೆಕ್ಕೆ ಬಡಿಸಿದರೆ ಗಂಡು ಎಷ್ಟೇ ಎತ್ತರದಲ್ಲಿದ್ದರೂ ಇಳಿಯುತ್ತದೆ. ಆದರೆ ಇಳಿಯತೊಡಗಿದ ಹಕ್ಕಿ ಮತ್ತೆ ಏರುವುದಿಲ್ಲ. ನೇರ ತಾರಸಿಗೆ ಬಂದು ಕೂರುತ್ತದೆ. ಅಲ್ಲಿಗೆ ಆರು ಗಂಟೆ, ಮುಗಿಯಿತು. ಆರು ಗಂಟೆ ಎಲ್ಲರ ಹಕ್ಕಿಯೂ ಹಾರುತ್ತದೆ.

“ಹಾರ್ತಿದೆ ಅಂತ ತೋರ್ಸೋಕೆ ಹಾರೋದನ್ನೇ ನಿಲ್ಲಿಸ್ಬೇಕಾ? ಯಾವನ್ ಮಾಡಿದ್ ಕಾನೂನಿದು?”

ಬಟ್ಟೆ ಒಣಹಾಕುತ್ತಿದ್ದ ತಂಗಿ ಬಿಂದುಶ್ರೀ, ಬಿ.ಎಸ್ಸಿ. ಕೊನೆಯ ವರ್ಷದವಳು, ತಿರುಗಿದಳು. “ಎಲೆಕ್ಟ್ರಾನೂ ಹಂಗೇ ಕಣಣ್ಣ. ನೋಡ್ಬೇಕಂದ್ರೆ ಏನಾದ್ರೂ ತಗಲಿಸ್ಲೇಬೇಕು, ಕೊನೇಪಕ್ಷ ಬೆಳಕು. ತಗಲಿದ್ಮೇಲೆ ಅದು ಮೊದ್ಲಿನ್ ಹಂಗಿರಲ್ಲ.”

“ನೋಡೋಕ್ ಮುಂಚೆ ಎಲ್ಲಿರುತ್ತೆ?”

“ಆ ಪ್ರಶ್ನೇನೇ ಕೇಳ್ಬಾರ್ದು ಅಂತಾರೆ ನಮ್ ಮೇಡಂ.”

“ನಿಮ್ ಮೇಡಂ ಪಿಳ್ಳಣ್ಣಂಗೆ ನೆಂಟ್ರಾ?”

ಪಿಳ್ಳಣ್ಣ ನಗಲಿಲ್ಲ. ಗಡಿಯಾರ ನೋಡಿಕೊಂಡ.

ಹೆಣ್ಣಿನ ಎದೆ ಭೀಮರಾಜನ ಬೆರಳಿಗೆ ಬಡಿಯುತ್ತಿತ್ತು. ಅಪ್ಪನ ಕೈಯಲ್ಲೂ ಆ ದಿನ ಹೀಗೊಂದು ಇದ್ದಿರಲೇಬೇಕು. ಎತ್ತಿದ್ದರೆ ಪುಸ್ತಕದಲ್ಲಿ ಏನೋ ಒಂದು ಬೀಳುತ್ತಿತ್ತು, ಸುಳ್ಳುಗಾರ ಅನ್ನಿಸಿಕೊಳ್ಳುವುದು ತಪ್ಪುತ್ತಿತ್ತು. ಅಪ್ಪ ಎತ್ತಿರಲಿಲ್ಲ. ಇಷ್ಟು ವರ್ಷ ಪಿಳ್ಳಣ್ಣನ ಮೇಲೆ ಹಲ್ಲು ಕಡಿದಿದ್ದ ಭೀಮರಾಜನಿಗೆ ಇದು ಹೊಳೆದೇ ಇರಲಿಲ್ಲ.

ಹೆಣ್ಣನ್ನು ಗೂಡಿಗೆ ಬಿಟ್ಟು ಚಿಲಕ ಹಾಕಿದ. “ಬರ್ಕೊಳಣ್ಣ.”

ಪಿಳ್ಳಣ್ಣ ‘ಕಾಣಲಿಲ್ಲ’ ಎಂದು ಬರೆದು ಪೆನ್ನು ಜೇಬಿಗಿಟ್ಟ. ಅವನ ಕೆಲಸ ಮುಗಿದಿತ್ತು. ಆದರೂ ಹೋಗಲಿಲ್ಲ. ಬಿಂದುಶ್ರೀ ತಂದ ಅನ್ನಸಾರು ಉಂಡು ಮತ್ತೆ ಕುರ್ಚಿಗೆ ಬಂದ. ಮೂರಾಯಿತು, ನಾಲ್ಕಾಯಿತು.

ಐದೂಕಾಲಿಗೆ ಮೋಡದ ಅಂಚಿನಿಂದ ಒಂದು ಚುಕ್ಕೆ ಜಾರಿತು. ಯಾರೂ ಕರೆಯದೆ, ಸುತ್ತು ಹಾಕುತ್ತ ಬಂದು ನೀರಿನ ಟ್ಯಾಂಕಿನ ಮೇಲೆ ಕೂತಿತು.

ಪಿಳ್ಳಣ್ಣ ಅದರ ರೆಕ್ಕೆ ಬಿಡಿಸಿ, ಬೆಳಿಗ್ಗೆ ತಾನೇ ಒತ್ತಿದ್ದ ಸೀಲನ್ನು ತುಂಬ ಹೊತ್ತು ನೋಡಿದ.

“ಅನ್ನೊಂದೂಕಾಲು,” ಎಂದ. “ಬರ್ದಿದ್ದನ್ನ ಒಡ್ದಾಕಂಗಿಲ್ಲ ಕಣ್ಲಾ.”

“ಹೊಡ್ದಾಕು ಅಂತ ನಾನ್ ಕೇಳಿದ್ನಾ?”

“ಅವತ್ತು ನಾನು ಬರ್ದವ್ನೇ ಎದ್ದೋದೆ. ‘ಕುಂತ್ಕೊಳೋ ಪಿಳ್ಳ’ ಅಂತ ನಿಮ್ಮಪ್ಪ ಎಲ್ಡ್ ಸಲ ಅಂದ. ಕೂರ್ಲಿಲ್ಲ.”

ಭೀಮರಾಜ ಹಕ್ಕಿಯ ಮುಂದೆ ನೀರಿಟ್ಟ. ತಲೆ ಎತ್ತದೆ ಹೇಳಿದ: “ಅದನ್ನ ನನಗ್ಯಾಕ್ ಹೇಳ್ತೀಯ? ಊರಿಗ್ ಹೇಳು.”

ಪಿಳ್ಳಣ್ಣ ಟವೆಲ್ಲು ಹೆಗಲಿಗೆ ಹಾಕಿಕೊಂಡ. ಪಂದ್ಯದವರೆಲ್ಲ ಸೇರುವ ಟೀ ಅಂಗಡಿಗೆಂದು ಮೆಟ್ಟಿಲಿಳಿದ.